ಹೆಚ್ಚುವರಿ ಅಂತಲೇ ಹೇಳಿದ್ದೆ

ಅಹಮದಾಬಾದಿನಲ್ಲಿ ಕೆಲಸಕ್ಕಿದ್ದಾಗ ನಾನು ಒಬ್ಬರಿಗೆ ದಿನಕ್ಕೊಂದು ಇಂಗ್ಲಿಷ್ ಪದ ಕಲಿಸುತ್ತಿದ್ದೆ. ಅವರಿಗೆ ಆಗ ನಲವತ್ತೊಂಬತ್ತು ವರ್ಷ, ನನಗೆ ಇಪ್ಪತ್ತಾರು. ಇಬ್ಬರೂ ವಟ್ವಾದಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಕಾರ್ಖಾನೆಯಲ್ಲಿದ್ದೆವು. ನಾನು ರಫ್ತು ವಿಭಾಗದಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಅವರು ಲ್ಯಾಬಿನಲ್ಲಿ ಶೇಡ್ ನೋಡುವವರು. ಗಿರಾಕಿ ಕಳಿಸಿದ ಬಟ್ಟೆಯ ಚೂರಿನ ಪಕ್ಕ ನಮ್ಮ ಬಣ್ಣದಲ್ಲಿ ಅದ್ದಿದ ಚೂರನ್ನಿಟ್ಟು, ಎರಡೂ ಒಂದೇ ಹೌದೋ ಅಲ್ಲವೋ ಎಂದು ಬರೀ ಕಣ್ಣಿನಿಂದ ಹೇಳಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದರು. ಅವರ ಉಗುರುಗಳ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ ಇರುತ್ತಿತ್ತು. ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ಅವರು ವಿಜಯಪುರ ಕಡೆಯವರು, ನಾನು ಮೈಸೂರಿನವಳು. ಊರಿನಲ್ಲಿದ್ದಿದ್ದರೆ ನಾವಿಬ್ಬರೂ ಪರಸ್ಪರ ಪರಿಚಯ ಮಾಡಿಕೊಳ್ಳುವ ಕಾರಣವೇ ಇರಲಿಲ್ಲ. ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕತಂಗಿ, ಎಂದು ಕರೆಯುವ ಆ ಊರಿನಲ್ಲಿ, ಕನ್ನಡದವರು ಎಂಬ ಒಂದೇ ಕಾರಣಕ್ಕೆ ನಾನು ಅವರ ತಂಗಿಯಾದೆ. ಕಾರ್ಖಾನೆಯ ಬಸ್ಸು ನಗರದಂಚಿನ ಬೋಪಾಲ ಬಡಾವಣೆಯಿಂದ ಹೊರಡುತ್ತಿತ್ತು. ಅವರು ಅಲ್ಲೇ ಹತ್ತಿ ನನಗೆ ಪಕ್ಕದಲ್ಲಿ ಜಾಗ ಹಿಡಿದಿಡುತ್ತಿದ್ದರು. ಬೋಡಕ್‌ದೇವ್‌ನಲ್ಲಿ ನಾನು ಹತ್ತಿದ ಕೂಡಲೇ, ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ, "ಬಾ ತಂಗಿ, ಕುಂದ್ರು. ಇವತ್ತಿಂದು ಪದಾ ಕೊಡು" ಅನ್ನುತ್ತಿದ್ದರು.

ನನಗೆ ಮೊದಲಿನಿಂದಲೂ ಅದು ಮುಜುಗರ. ಹಿಂದಿನ ಸೀಟಿನ ಗುಜರಾತಿ ಹುಡುಗಿಯರು "ನಿನ್ನ ಕಾಕಾ ಕರೀತಿದಾರೆ" ಎಂದು ನಗುತ್ತಿದ್ದರು. ಆದರೂ ಹೇಳಿಕೊಡುತ್ತಿದ್ದೆ. ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎಡಗಡೆ ಪದ, ನಡುವೆ ಕನ್ನಡದಲ್ಲಿ ಅರ್ಥ, ಬಲಗಡೆ ಅವರೇ ಮಾಡಿದ ಒಂದು ವಾಕ್ಯ. ವಾಕ್ಯ ಸರಿಯಿದ್ದರೆ ನಾನು ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಬೇಕು. ವಿದೇಶಿ ಗಿರಾಕಿಗಳು ಲ್ಯಾಬ್ ನೋಡಲು ಬಂದಾಗ ತಾವೇ ನಿಂತು ವಿವರಿಸಬೇಕು ಎಂಬುದು ಅವರ ಆಸೆ. ಫೋನಿನಲ್ಲೇ ಎಲ್ಲ ಪದಕ್ಕೂ ಅರ್ಥ ಸಿಗುತ್ತದಲ್ಲ ಸರ್ ಎಂದು ಒಮ್ಮೆ ಕೇಳಿದ್ದೆ.

"ಫೋನಿನಾಗ ನೋಡಿದ್ದು ತಲ್ಯಾಗ ನಿಂದ್ರಂಗಿಲ್ಲ ತಂಗಿ. ಮನಷ್ಯಾರ ಬಾಯಿಲೆ ಕೇಳಿದ್ದು ನಿಂದ್ರತೈತಿ" ಅಂದಿದ್ದರು. ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳಿದ್ದಳು, ಇಂಗ್ಲಿಷ್ ಶಾಲೆ. ಅವಳನ್ನು ಕೇಳಿದರೆ ಅಪ್ಪನ ಉಚ್ಚಾರಣೆಗೆ ನಗುತ್ತಾಳಂತೆ. ಹಾಗಾಗಿ ನನ್ನನ್ನು ಕೇಳುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನನ್ನು ಬಿಡಲು ಬಂದಿದ್ದ ಅಮ್ಮ ವಾಪಸು ಹೊರಟಾಗ ಅವರ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಅಮ್ಮ ಆಕೆಯ ಕೈ ಹಿಡಿದುಕೊಂಡು, "ಒಬ್ಬಳೇ ಇರ್ತಾಳೆ, ಸ್ವಲ್ಪ ನೋಡ್ಕೊಳಿ" ಎಂದು ಹೇಳಿ ಫೋನ್ ನಂಬರ್ ಕೊಟ್ಟು ಹೋದಳು. ಅವರು ನೋಡಿಕೊಂಡರು. ಅದೇ ತೊಂದರೆಯಾಯಿತು.

ವಡೋದರದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಗುಜರಾತಿ ಹುಡುಗನ ಜೊತೆ ನನಗೆ ಗೆಳೆತನವಿತ್ತು. ಅವನು ಶನಿವಾರ ರೈಲಿನಲ್ಲಿ ಬರುತ್ತಿದ್ದ. ನಾವು ಮದುವೆಯ ಮಾತನ್ನೂ ಆಡಿಕೊಂಡಿದ್ದೆವು. ಮನೆಯಲ್ಲಿ ಹೇಗೆ ಹೇಳುವುದು, ಯಾವಾಗ ಹೇಳುವುದು ಎಂದು ನಾನು ಇನ್ನೂ ಯೋಚಿಸುತ್ತಿದ್ದಾಗಲೇ ಬೋಪಾಲದ ಒಂದು ಅಂಗಡಿಯ ಮುಂದೆ ಇವರು ನಮ್ಮನ್ನು ನೋಡಿದರು. ಸೋಮವಾರ ಬಸ್ಸಿನಲ್ಲಿ ಏನೂ ಕೇಳಲಿಲ್ಲ. ಎಂದಿನಂತೆ ಪದ ಬರೆದುಕೊಂಡರು. ಆದರೆ ಅಷ್ಟು ಹೊತ್ತಿಗಾಗಲೇ ಅಮ್ಮನಿಗೆ ಫೋನ್ ಮಾಡಿ ಆಗಿತ್ತು.

ಅಮ್ಮ ಊಟ ಬಿಟ್ಟಳು. ಅಪ್ಪ ನನ್ನ ಹತ್ತಿರ ಮಾತು ಬಿಟ್ಟರು. ಮೂರು ವಾರ ಫೋನಿನಲ್ಲಿ ಅಳು, ಆಣೆ, ಪ್ರಮಾಣ. ಕೊನೆಗೆ ನಾನು ಅವನನ್ನು ಬಿಡಲು ಒಪ್ಪಿಕೊಂಡೆ. ವಡೋದರದವನು ಎರಡು ಶನಿವಾರ ಬಂದು ಹೋದ, ಮೂರನೆಯದಕ್ಕೆ ಬರಲಿಲ್ಲ. ಇವರ ಮೇಲೆ ಕೂಗಾಡಬೇಕೆಂದು ನಾನು ಬಸ್ಸು ಹತ್ತಿದ ದಿನ, ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು.

"ಸಿಟ್ಟಾಗಬ್ಯಾಡ ತಂಗಿ. ನಿಮ್ಮವ್ವ ನನ್ನ ನಂಬಿ ಬಿಟ್ಟು ಹೋಗ್ಯಾಳ. ತಿಳಿಸೂದು ನನ್ನ ಕರ್ತವ್ಯ ಅಲ್ಲೇನು?"

"ಪರವಾಗಿಲ್ಲ ಸರ್" ಅಂದೆ. ಹಾಗೆ ಅಂದದ್ದು ನನಗೇ ಆಶ್ಚರ್ಯ. ಅವರಿಗೆ ಸಮಾಧಾನವಾಯಿತು. ನೋಟ್‌ಬುಕ್ ತೆಗೆದರು.

ಇದಾದ ಎರಡು ತಿಂಗಳಿಗೆ ಕಂಪನಿ ಬೇರೆಯವರ ಕೈಗೆ ಹೋಯಿತು. ಹೊಸ ಮಾಲೀಕರು ಮೊದಲು ಮಾಡಿದ ಕೆಲಸವೆಂದರೆ ಲ್ಯಾಬಿಗೆ ಬಣ್ಣ ಅಳೆಯುವ ಯಂತ್ರ ತರಿಸಿದ್ದು. ಬಟ್ಟೆಯ ಚೂರನ್ನು ಅದರ ಬಾಯಿಗೆ ಹಿಡಿದರೆ ಸಾಕು, ಎಷ್ಟು ವ್ಯತ್ಯಾಸವಿದೆ ಎಂದು ಅಂಕಿಯಲ್ಲೇ ಹೇಳುತ್ತದೆ. ಒಂದು ದಿನ ಮ್ಯಾನೇಜರ್ ನನ್ನನ್ನು ಕರೆದು ಒಂದು ಪಟ್ಟಿ ಟೈಪ್ ಮಾಡಿಸಿದರು. ಯಾವ ಯಾವ ಹುದ್ದೆ ಮುಂದುವರಿಯುತ್ತದೆ, ಯಾವುದು ಇಲ್ಲ ಎಂಬ ಪಟ್ಟಿ. ಯಾರಿಗೂ ಹೇಳಬೇಡ ಅಂದರು. ಲ್ಯಾಬಿನಲ್ಲಿ ಶೇಡ್ ನೋಡುವವರು ಇಬ್ಬರಿದ್ದರು. ಇಬ್ಬರ ಹುದ್ದೆಯ ಮುಂದೆಯೂ ನಾನು ಟೈಪ್ ಮಾಡಿದ ಪದ ಒಂದೇ: ರಿಡಂಡೆಂಟ್.

ಎರಡು ದಿನ ಕಳೆದು ಬಸ್ಸಿನಲ್ಲಿ ಅವರು ಸಂಭ್ರಮದಲ್ಲಿದ್ದರು.

"ತಂಗಿ, ಇವತ್ತ ಪದಾ ನಾನೇ ತಂದೀನಿ. ನೀ ಅರ್ಥ ಅಷ್ಟು ಹೇಳು."

ನೋಟ್‌ಬುಕ್ ತೆರೆದು ತೋರಿಸಿದರು. ಒಂದೊಂದೇ ಅಕ್ಷರ ನೋಡಿಕೊಂಡು ಇಳಿಸಿದ್ದರು, ಕೈ ಒತ್ತಿ ಒತ್ತಿ.

"ರೆಡ್ ಅಂತ ಸುರು ಆಗೈತಿ ನೋಡು. ಕೆಂಪಿಂದು ಏನರ ಇರಬೇಕು ಅಂದ್ಕೊಂಡೆ."

"ಎಲ್ಲಿ ನೋಡಿದ್ರಿ ಸರ್?"

"ಪ್ರಿಂಟರಿನಾಗ. ನನ್ನ ರಿಪೋರ್ಟ್ ತಗೊಳ್ಳಾಕ ಹ್ವಾದ್ರ ಅದರ ಮ್ಯಾಲೊಂದು ಹಾಳಿ ಇತ್ತು. ನನ್ನ ಪೋಸ್ಟಿನ ಹೆಸರು, ಅದರ ಮುಂದ ಈ ಪದಾ, ಮುಂದಿನ ತಿಂಗಳ ತಾರೀಕು. ಏನರ ಚಲೋದು ಐತೇನು?"

ಅವರ ಮುಖ ನೋಡಿದೆ. ಅದೇ ಮುಖ, ಕರ್ತವ್ಯ ಅಲ್ಲೇನು ಎಂದು ಕೇಳಿದ್ದ ಮುಖ. ಸುಳ್ಳು ಹೇಳಬೇಕೆಂದು ನಾನು ಮೊದಲೇನೂ ಯೋಚಿಸಿರಲಿಲ್ಲ. ಆ ಪದಕ್ಕೆ ಕನ್ನಡದಲ್ಲಿ ಏನೆನ್ನಬಹುದು ಎಂದು ನಿಜವಾಗಿಯೇ ಒಂದು ಕ್ಷಣ ಹುಡುಕಿದೆ. ಸಿಕ್ಕಿತು.

"ಹೆಚ್ಚುವರಿ" ಅಂದೆ.

"ಹೆಚ್ಚುವರಿ?" ಅವರು ಆ ಮಾತನ್ನು ಬಾಯಲ್ಲೇ ಒಮ್ಮೆ ತಿರುಗಿಸಿದರು. ಆಮೇಲೆ ನನ್ನ ಕಡೆ ಪೂರ್ತಿ ಹೊರಳಿದರು. "ಹೆಚ್ಚುವರಿ ಜಿಲ್ಲಾಧಿಕಾರಿ ಅಂತಾರಲ್ಲ, ಹಂಗೇನು?"

"ಅದೇ ಪದ ಸರ್."

ಅವರ ಕಣ್ಣು ಒದ್ದೆಯಾಗಿತ್ತು. "ಇಪ್ಪತ್ತೆರಡು ವರ್ಷ ಆತು ತಂಗಿ" ಅಂದರು. ಬಸ್ಸು ನಾರೋಲ್ ದಾಟುವವರೆಗೆ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ವಾಕ್ಯ ಕಟ್ಟಿದರು. ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದರು: ಐ ಆಮ್ ರಿಡಂಡೆಂಟ್ ಫ್ರಮ್ ದಿ ನೆಕ್ಸ್ಟ್ ಮಂತ್. ಇಲ್ಲಿ 'ದಿ' ಬೇಡ ಸರ್ ಎಂದು ಅದನ್ನು ಹೊಡೆದು ಹಾಕಿದೆ. ಉಳಿದಂತೆ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ ವಾಪಸು ಕೊಟ್ಟೆ.

ಅಂದೇ ಮಧ್ಯಾಹ್ನ ಅವರು ಮ್ಯಾನೇಜರ್ ಕೋಣೆಗೆ ಹೋದರು. ನನ್ನ ಮೇಜು ಆ ಬಾಗಿಲಿನ ಪಕ್ಕದಲ್ಲೇ. ಅವರು ನಿಂತುಕೊಂಡು, ಎರಡು ಕೈ ಜೋಡಿಸಿ, ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು: ಸರ್, ಥ್ಯಾಂಕ್ ಯೂ ಫಾರ್ ಮೇಕಿಂಗ್ ಮಿ ರಿಡಂಡೆಂಟ್.

ಮ್ಯಾನೇಜರ್‌ಗೆ ಮೊದಲು ಇದು ಕೊಂಕು ಅನ್ನಿಸಿರಬೇಕು. ಆಮೇಲೆ ಅವರ ಮುಖ ನೋಡಿ ಅರ್ಥವಾಗಿರಬೇಕು. ಕುರ್ಚಿ ಸರಿದ ಸದ್ದಾಯಿತು. ಎದ್ದು ಬಂದು ಕೈ ಕುಲುಕಿ, "ಅರೆ ಕಾಕಾ, ಮೋಸ್ಟ್ ವೆಲ್ಕಮ್!" ಅಂದರು. ಅವರು ಹೊರಟ ಮೇಲೆ ಮ್ಯಾನೇಜರ್ ಬಾಗಿಲಿಗೆ ಬಂದು ನನ್ನತ್ತ ಹುಬ್ಬೇರಿಸಿದರು. ನಾನು ನಕ್ಕೆ. ಅವರೂ ನಕ್ಕರು. ಆ ಮನುಷ್ಯ ಅದುವರೆಗೆ ನನ್ನತ್ತ ಹಾಗೆ ಸ್ನೇಹದಿಂದ ನಕ್ಕದ್ದೇ ಇಲ್ಲ.

ಮರುದಿನ ಇವರು ಒಂದು ಡಬ್ಬಿ ಮೋಹನ್‌ಥಾಳ್ ತಂದು ಇಡೀ ಆಫೀಸಿಗೆ ಹಂಚಿದರು. ಅಷ್ಟರಲ್ಲಿ ಅವರು ಪದವನ್ನು ತಪ್ಪು ತಿಳಿದಿರುವ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಪ್ರತಿಯೊಬ್ಬರೂ ಸಿಹಿ ತೆಗೆದುಕೊಂಡು ಅಭಿನಂದನೆ ಹೇಳಿದರು. ಯಾರೋ ಒಬ್ಬರು "ರಿಡಂಡೆಂಟ್ ಕಾಕಾ" ಎಂದು ಕರೆದರು, ಹೆಸರು ನಿಂತಿತು. ಕ್ಯಾಂಟೀನಿನಲ್ಲಿ, ಗೇಟಿನಲ್ಲಿ, ಲ್ಯಾಬಿನಲ್ಲಿ, ಎಲ್ಲಿ ನೋಡಿದರೂ ರಿಡಂಡೆಂಟ್ ಕಾಕಾ. ಅವರು ಕರೆದಾಗಲೆಲ್ಲ ನಗುತ್ತಾ ಕೈ ಎತ್ತುತ್ತಿದ್ದರು. ಗೇಟಿನ ಕಾವಲುಗಾರ ಸಲ್ಯೂಟ್ ಹೊಡೆಯತೊಡಗಿದ. ನಾನೂ ಮೋಹನ್‌ಥಾಳ್ ತಿಂದೆ, ಎರಡು ತುಂಡು. ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ. ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ. ವಡೋದರದ ವಿಷಯ ಮುಗಿದ ಮೇಲೆ ಮೊದಲ ಸಲ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ತಮಾಷೆ ಎಂದು ಹೇಳಿಕೊಳ್ಳಬಹುದಿತ್ತೇನೋ. ಅದೇ ವಾರ ಮ್ಯಾನೇಜರ್ ಇನ್ನೊಂದು ನೋಟಿಸ್ ಟೈಪ್ ಮಾಡಿಸಿದರು. ಸೂರತ್‌ನಲ್ಲಿ ಮಾಲೀಕರದೇ ಸೀರೆಗೆ ಬಣ್ಣ ಹಾಕುವ ಘಟಕವಿತ್ತು. ಅಲ್ಲಿ ಇನ್ನೂ ಯಂತ್ರವಿಲ್ಲ, ಶೇಡ್ ನೋಡುವವರು ಒಬ್ಬರು ಬೇಕು, ನಮ್ಮಲ್ಲಿರುವವರು ಶನಿವಾರದೊಳಗೆ ಅರ್ಜಿ ಕೊಡಬಹುದು. ಲ್ಯಾಬಿನ ಇನ್ನೊಬ್ಬರು, ಇವರಿಗಿಂತ ಎಂಟು ವರ್ಷ ಚಿಕ್ಕವರು, ಆ ದಿನವೇ ಅರ್ಜಿ ಹಾಕಿದರು. ಇವರು ಬೋರ್ಡಿನ ಮುಂದೆ ನಿಂತು ಓದಿ, ನನ್ನ ಮೇಜಿನ ಹತ್ತಿರ ಬಂದರು.

"ತಂಗಿ, ಸುಮ್ನ ನಾನೂ ಒಂದು ಅರ್ಜಿ ಒಗದಿಡಲೇನು? ಇರಲಿ ಅಂತ."

ಅವರು ಹಾಕಿದ್ದರೆ ಆ ಕೆಲಸ ಅವರಿಗೇ ಸಿಗುತ್ತಿತ್ತು. ಅನುಭವ ಅವರದೇ ಹೆಚ್ಚು, ಮ್ಯಾನೇಜರ್ ಕೂಡ ನನ್ನೆದುರಿಗೇ ಹಾಗೆ ಹೇಳಿದ್ದರು. ನನಗೆ ಇದು ಪೂರ್ತಿ ಗೊತ್ತಿತ್ತು.

"ಬೇಡ ಬಿಡಿ ಸರ್" ಅಂದೆ. "ಇಲ್ಲಿ ನಿಮಗೆ ಆಗಿರುವಾಗ ಅಲ್ಲಿಗೂ ಹಾಕಿದ್ರೆ ಮ್ಯಾನೇಜರ್ ಬೇಜಾರು ಮಾಡ್ಕೋತಾರೆ."

"ಅದೂ ಖರೇನ" ಅಂದರು. ಹೊರಟು, ಮತ್ತೆ ತಿರುಗಿ, "ನೀ ಇದ್ದೀ ಅಂತ ನಡದೈತಿ ನೋಡು" ಅಂದರು.

ಶನಿವಾರ ಕಳೆಯಿತು. ಸೂರತ್‌ನ ಕೆಲಸ ಚಿಕ್ಕವರಿಗಾಯಿತು.

ತಿಂಗಳ ನಡುವೆ ಒಂದು ಬೆಳಿಗ್ಗೆ ಸಿಬ್ಬಂದಿ ವಿಭಾಗದಿಂದ ನನಗೆ ಕರೆ ಬಂತು. ಹೊಸದಾಗಿ ಸೇರಿದ್ದ ಒಬ್ಬ ಯುವತಿ ಆ ವಿಭಾಗ ನೋಡಿಕೊಳ್ಳುತ್ತಿದ್ದಳು. ಒಳಗೆ ಹೋದರೆ ಅವಳೆದುರಿಗೆ ಇವರು ಕೂತಿದ್ದಾರೆ. ಮೇಜಿನ ಮೇಲೆ ಒಂದು ಪತ್ರ. ಆಕೆ ಹಿಂದಿಯಲ್ಲಿ ಎಲ್ಲ ಹೇಳಿದ್ದಳಂತೆ. ಇವರಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ, ಆದರೆ ನಂಬಲು ತಯಾರಿರಲಿಲ್ಲ. ನನ್ನನ್ನು ಕರೆಸಿ ಎಂದು ಅವರೇ ಹಟ ಹಿಡಿದಿದ್ದರು.

"ಬಾ ತಂಗಿ, ಕುಂದ್ರು. ಈ ಮೇಡಮ್ಮಾರಿಗೆ ಸ್ವಲ್ಪ ತಿಳಿಸಿ ಹೇಳು. ರಿಡಂಡೆಂಟ್ ಅಂದ್ರ ಕೆಲಸ ಇಲ್ಲ ಅನ್ನಾಕತ್ಯಾರ. ಹೊಸದಾಗಿ ಬಂದಾರ, ಪಾಪ, ಗೊತ್ತಿಲ್ಲ."

ನೋಟ್‌ಬುಕ್ ತಂದಿದ್ದರು. ಆ ಪುಟ ತೆರೆದು, ಆಕೆಯ ಕಡೆ ತಿರುಗಿಸಿ, ನನ್ನ ಕೆಂಪು ಗುರುತಿನ ಮೇಲೆ ಬೆರಳಿಟ್ಟು ತೋರಿಸಿದರು. ಆಕೆ ವಾಕ್ಯ ಓದಿದಳು. ನನ್ನನ್ನು ನೋಡಿದಳು. ಇದನ್ನು ನೀನು ಹೇಳಿಕೊಟ್ಟೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅರ್ಥ ಸರಿಯಾಗಿಯೇ ಹೇಳಿದ್ದೆ, ಅವರು ತಪ್ಪು ತಿಳಿದುಕೊಂಡರು ಎಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಅವರಿಗೆ ಹಿಡಿಯಲಾಗದಷ್ಟು ಬೇಗ ಬೇಗ ಹೇಳಿದೆ. ಅವರು ನಾನು ತಮ್ಮ ಪರವಾಗಿ ವಾದಿಸುತ್ತಿದ್ದೇನೆ ಎಂದುಕೊಂಡು ತಲೆಯಾಡಿಸುತ್ತಿದ್ದರು.

ಆಕೆ, ಹಾಗಾದರೆ ನಿಮ್ಮ ಭಾಷೆಯಲ್ಲಿ ಈಗ ನೀನೇ ಹೇಳು ಅಂದಳು.

"ಸರ್" ಅಂದೆ, "ಹೆಚ್ಚುವರಿ ಅಂದ್ರೆ ಜಾಸ್ತಿ ಆಗಿರೋದು. ಅಂದ್ರೆ ಬೇಕಾಗಿಲ್ಲದ್ದು. ಮೆಷಿನ್ ಬಂದಿದೆಯಲ್ಲ, ಅದಕ್ಕೆ."

"ಬ್ಯಾಡಾದದ್ದು?"

"ಹೌದು ಸರ್."

"ಯಾರು? ನಾನು?"

ನಾನು ಹೂಂ ಅಂದೆ. ಅವರು ಪತ್ರ ನೋಡಿದರು, ನೋಟ್‌ಬುಕ್ ನೋಡಿದರು. ನಿಧಾನವಾಗಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಅವತ್ತ ಬಸ್ಸಿನಾಗ ನಿನಗ ಗೊತ್ತಿತ್ತೇನು?"

"ನಾನು ಹೆಚ್ಚುವರಿ ಅಂತಲೇ ಹೇಳಿದ್ದೆ ಸರ್. ನೀವೇ ಬೇರೆ ಥರ ತಿಳ್ಕೊಂಡ್ರಿ."

"ಹೌದು, ಹಂಗ ಹೇಳಿದ್ದಿ." ಸ್ವಲ್ಪ ತಡೆದು ಕೇಳಿದರು. "ಸೂರತ್ತಿಗೆ ಅರ್ಜಿ ಬ್ಯಾಡ ಅಂದಿ. ಅವಾಗ ಗೊತ್ತಿತ್ತೇನು?"

ಆಕೆ ನಮ್ಮಿಬ್ಬರನ್ನೂ ನೋಡುತ್ತಾ, ಏನು ಕೇಳುತ್ತಿದ್ದಾರೆ ಅಂದಳು. ಕೊನೆಯ ದಿನ ಯಾವುದು ಎಂದು ಕೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕ್ಯಾಲೆಂಡರ್ ತೋರಿಸಿ ಹಿಂದಿಯಲ್ಲಿ ತಾರೀಕು ಹೇಳಿದಳು. ನಾನು ಮಾತು ತಿರುಚಿದ್ದು ಅವರಿಗೆ ಆಗ ಗೊತ್ತಾಯಿತು. ಅವರು ಬಾಯಿ ತೆರೆದು ಹಿಂದಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಕೆಲಸವೂ ಹೋಗುತ್ತಿತ್ತು. ಹೇಳಲಿಲ್ಲ. "ಠೀಕ್ ಹೈ" ಅಂದರು. ಪೆನ್ನು ಕೇಳಿ ಪಡೆದು ಕನ್ನಡದಲ್ಲಿ ಸಹಿ ಹಾಕಿ ಎದ್ದು ಹೋದರು.

ಇನ್ನೂ ಹದಿನೈದು ದಿನ ಅವರು ಕೆಲಸಕ್ಕೆ ಬರಬೇಕಿತ್ತು. ಬಂದರು. ಮರುದಿನ ನಾನು ಬಸ್ಸು ಹತ್ತಿದಾಗ ಅವರು ಕೊನೆಯ ಸಾಲಿನಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದರು. ನಮ್ಮ ಹಳೆಯ ಸೀಟು ಖಾಲಿಯಿತ್ತು, ನಾನು ಅಲ್ಲೇ ಒಬ್ಬಳೇ ಕೂತೆ. ಅವರಿಗೆ ನಿಜ ಗೊತ್ತಾಗಿದೆ ಎಂದು ಎಲ್ಲರಿಗೂ ತಿಳಿದ ಮೇಲೂ ಆಫೀಸಿನಲ್ಲಿ ಆ ಹೆಸರು ನಿಲ್ಲಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬ "ಓ ರಿಡಂಡೆಂಟ್ ಕಾಕಾ" ಎಂದು ಕೂಗಿದಾಗ ಅವರು ಎಂದಿನಂತೆ ತಿರುಗಿ, "ಹಾಂ ಭಾಯ್, ಬೋಲ್" ಅಂದದ್ದನ್ನು ನಾನು ಕೇಳಿಸಿಕೊಂಡೆ. ಕೂಗಿದವನು ತಡವರಿಸಿ, ಚಹಾ ಕುಡಿದ್ರಾ ಅಂದ.

ಅವರು ಬಿಟ್ಟು ಹೋದ ವಾರ ಅವರ ಹೆಂಡತಿ ಫೋನ್ ಮಾಡಿದರು. ಗಂಡ ಮನೆಯಲ್ಲಿ ನನ್ನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮಗಳು ನೋಟ್‌ಬುಕ್ ತೆರೆದು ಓದಿ ತಾಯಿಗೆ ಹೇಳಿದ್ದಳು.

"ಯವ್ವಾ, ನಿಮ್ಮವ್ವ ನಿನ್ನ ನಮ್ಮ ಉಡಿಯಾಗ ಹಾಕಿ ಹೋಗಿದ್ಲು. ನಿನಗ ನಾವು ಏನ್ ಕಡಿಮಿ ಮಾಡಿದ್ವಿ?"

"ಅಮ್ಮಂಗೆ ಫೋನ್ ಮಾಡಿ ಹೇಳಿದ್ರಲ್ಲ" ಅಂದೆ. ನನ್ನ ದನಿ ಗಟ್ಟಿಯಾಗಿತ್ತು.

ನಾನು ಏನು ಹೇಳುತ್ತಿದ್ದೇನೆಂದು ಆಕೆಗೆ ನೆನಪು ಮಾಡಿಕೊಳ್ಳಬೇಕಾಯಿತು ಅನ್ನಿಸುತ್ತದೆ.

"ಅಷ್ಟಕ್ಕ?" ಅಂದರು.

"ನಿಮಗದು ಅಷ್ಟು. ನನಗಲ್ಲ."

"ಹೌದವ್ವಾ. ಅವರು ಹಂಗ ಮಾಡಬಾರದಿತ್ತು. ಅದನ್ನ ಅವರಿಗೆ ನೀ ಬಾಯಿಬಿಟ್ಟು ಬೈಬೇಕಿತ್ತು. ಹೊಟ್ಟಿ ಮ್ಯಾಲ ಯಾಕ ಹೊಡದಿ?"

ಬೇರೆ ಏನೋ ಹೇಳಲು ಹೊರಟರು, ಅಳು ಬಂತು. ನಾನು ಫೋನ್ ಇಟ್ಟೆ.

ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ವಿದೇಶಿ ಗಿರಾಕಿಗಳು ಬಂದಾಗ ಲ್ಯಾಬ್ ತೋರಿಸುವ ಕೆಲಸವನ್ನು ಮ್ಯಾನೇಜರ್ ನನಗೇ ಕೊಟ್ಟರು. ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಸರಾಗವಾಗಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಒಮ್ಮೆ ಒಬ್ಬ ಗಿರಾಕಿ, ಮೊದಲು ಇದನ್ನೆಲ್ಲ ಯಾರು ನೋಡುತ್ತಿದ್ದರು ಎಂದು ಕೇಳಿದ. ಕಣ್ಣಿನಿಂದಲೇ ನೋಡುತ್ತಿದ್ದರು ಅಂದೆ. ಯಾರು ಎಂದು ಹೇಳಲಿಲ್ಲ.

ಒಂದು ವರ್ಷದ ಮೇಲೆ, ಅವರು ಮಣಿನಗರದ ಒಂದು ಸೀರೆ ಫಾಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ ಎಂದು ಯಾರೋ ಹೇಳಿದರು. ಸೀರೆಯ ಬಣ್ಣಕ್ಕೆ ಸರಿಯಾದ ಫಾಲ್, ಸರಿಯಾದ ದಾರ ಹುಡುಕಿ ಕೊಡುವುದು. ಎರಡು ಭಾನುವಾರ ಯೋಚಿಸಿ ಮೂರನೆಯ ಭಾನುವಾರ ಹೋದೆ. ಸುಮ್ಮನೆ ಹೋಗಲು ಧೈರ್ಯ ಬಾರದೆ ಅಮ್ಮ ಕೊಟ್ಟಿದ್ದ ಒಂದು ಸೀರೆ ತೆಗೆದುಕೊಂಡು ಹೋದೆ. ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ.

ಇಕ್ಕಟ್ಟಾದ ಅಂಗಡಿ. ಗೋಡೆಯುದ್ದಕ್ಕೂ ಮೇಲಿನವರೆಗೆ ಸುರುಳಿ ಸುರುಳಿ ಫಾಲ್. ಅವರು ಕೌಂಟರಿನ ಆಚೆ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು, ಅದು ಕಣ್ಣಿನಲ್ಲೇ ತಿಳಿಯಿತು.

"ಬರ್ರಿ. ಏನು ಬೇಕಾಗಿತ್ರಿ?"

ಮೂರು ವರ್ಷ ನನ್ನನ್ನು 'ನೀ' ಎಂದು ಕರೆದವರು ಅವರು. ಬಾ, ಕುಂದ್ರು, ಕೊಡು. ನಾನು ಸೀರೆ ಮುಂದಿಟ್ಟೆ. ಅವರು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಗೋಡೆಯ ಕಡೆ ತಿರುಗಿ, ಹುಡುಕದೆಯೇ ಒಂದು ಸುರುಳಿ ಎಳೆದು ತಂದು ಪಕ್ಕದಲ್ಲಿಟ್ಟರು.

"ಸರ್, ನನ್ನದು ತಪ್ಪಾಯ್ತು" ಅಂದೆ.

"ಹೊರಗ ಬಿಸಿಲಿಗೆ ಹಿಡದು ನೋಡ್ರಿ. ಇಲ್ಲಿ ಟ್ಯೂಬ್‌ಲೈಟಿನಾಗ ಬಣ್ಣ ಖರೇ ಕಾಣಂಗಿಲ್ಲ."

"ಸರ್, ಸೂರತ್ ವಿಷಯ, ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ."

"ಗೊತ್ತೈತ್ರಿ" ಅಂದರು. ಫಾಲ್ ಮಡಿಚಿ ಕಾಗದದ ಚೀಲಕ್ಕೆ ಹಾಕಿದರು. ಅಷ್ಟರಲ್ಲಿ ಇಬ್ಬರು ಹೆಂಗಸರು ಒಂದು ರಾಶಿ ಬ್ಲೌಸ್ ಪೀಸ್ ತಂದು ಕೌಂಟರಿನ ಮೇಲೆ ಸುರಿದರು. ಅವರು ಚೀಲವನ್ನು ನನ್ನ ಕಡೆ ಸರಿಸಿ, ಆ ಹೆಂಗಸರತ್ತ ತಿರುಗಿ ಗುಜರಾತಿಯಲ್ಲಿ, "ಆವೋ ಬೆನ್, ಬೋಲೋ" ಅಂದರು.